ಏರಿಯ ಮೇಲೆ ನಿಂತಿದ್ದ ಕೆಂಪು ಲೈಟು

ದೆವ್ವ ಭೂತದ ಮಾತು ಶುರುವಾದರೆ ಸೆರಗು ಕೊಡವಿ ಎದ್ದು ಹೋಗುವವಳು ನಾನು. ಎದ್ದು ಹೋಗಲಾಗದ ಕಡೆ ಕೂತಿದ್ದರೆ ನಕ್ಕುಬಿಡುತ್ತಿದ್ದೆ, ಅದೂ ಹೇಳುವವರ ಮುಖದ ಮುಂದೆಯೇ. ನಮ್ಮೂರಿನ ಹೆಂಗಸರ ಹಾಲಿನ ಸಂಘದಲ್ಲಿ ಕಾರ್ಯದರ್ಶಿಯಾಗಿ ನನ್ನ ಅರ್ಧ ಆಯಸ್ಸು ಕಳೆದಿದೆ. ಕ್ಯಾನಿನ ಮುಂದೆ ನಿಂತು "ದೇವರಾಣೆ ಕಣಕ್ಕ, ಒಂದು ತೊಟ್ಟು ನೀರು ಬೆರೆಸಿಲ್ಲ" ಅನ್ನುವವರನ್ನು ದಿನಾ ಬೆಳಿಗ್ಗೆ ಸಂಜೆ ನೋಡುತ್ತೇನೆ. ಆಣೆ ಅವರದು, ಲ್ಯಾಕ್ಟೋಮೀಟರ್ ನನ್ನದು. ಅದು ಹೇಳಿದ್ದೇ ನನಗೆ ಸತ್ಯ. ಇಂಥವಳ ಹತ್ತಿರ ಯಾರಾದರೂ ಬಂದು ಕೆರೆ ಏರಿ ಮೇಲೆ ಕೊಳ್ಳಿದೆವ್ವ ಕಂಡೆ ಅಂದರೆ ನಂಬಿಕೆ ಎಲ್ಲಿಂದ ಬರಬೇಕು?

ಹಾಗಾಗಿ ಈಗ ನಾನು ಬರೆಯುತ್ತಿರುವುದನ್ನು ನೀವು ನಂಬಲೇಬೇಕು ಅಂತ ಕೇಳುವ ಮುಖ ನನಗಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದೂ ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಓದಿ ನಿಮಗೆ ಏನಾದರೂ ಹೊಳೆದರೆ ನನಗಿಂತ ನೀವು ಜಾಣರು.

ನಮ್ಮ ಮನೆ ಇರುವುದು ಸುಗಟೂರಿನಿಂದ ಸ್ವಲ್ಪ ಒಳಗೆ, ಊರಿನ ಹೊರಗೆ, ಕೆರೆ ಏರಿ ಮುಗಿಯುವ ಕಡೆ. ಅಂಗಳದಲ್ಲಿ ನಿಂತರೆ ಏರಿ ಉದ್ದಕ್ಕೂ ಕಾಣುತ್ತದೆ. ಏರಿಯ ಆ ತುದಿಗೆ ಕೋಲಾರದ ರಸ್ತೆ. ಆ ರಸ್ತೆ ದಾಟಿದರೆ ನಮ್ಮ ಹಿಪ್ಪುನೇರಳೆ ತೋಟ. ಏರಿ ಮೇಲಿನ ದಾರಿಗೆ ಕೆಲವು ವರ್ಷದ ಹಿಂದೆ ಟಾರು ಹಾಕಿದರು. ಹಾಕಿದ್ದೇ ತಡ, ಟೊಮೆಟೊ ತುಂಬಿದ ಗಾಡಿಗಳೆಲ್ಲ ಕೋಲಾರದ ಮಾರ್ಕೆಟ್ಟಿಗೆ ಇದೇ ಅಡ್ಡದಾರಿ ಅಂತ ನುಗ್ಗತೊಡಗಿದವು. ಒಂದು ಕಡೆ ಕೆರೆ, ಇನ್ನೊಂದು ಕಡೆ ಗದ್ದೆಗೆ ಇಳಿಜಾರು, ನಡುವೆ ಒಂದು ಗಾಡಿ ಹೋಗುವಷ್ಟೇ ಅಗಲ. ಅದರಲ್ಲೇ ಮನುಷ್ಯರು, ದನ, ಸೈಕಲ್ಲು ಎಲ್ಲವೂ.

ಸೈಕಲ್ಲು ಅಂದರೆ ಮುಖ್ಯವಾಗಿ ನನ್ನ ಗಂಡ. ಹೆಸರು ಮುನಿರಾಜು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಹೇಳಿಕೊಟ್ಟಿದ್ದರು, ಬರೆಯಬಾರದು ಅಂತ ಹೇಳಿರಲಿಲ್ಲ. ನನ್ನ ಸೋದರಮಾವನ ಮಗನೇ ಅವನು. ಚಿಕ್ಕಂದಿನಿಂದ ಹೋಗೋ ಬಾರೋ ಅಂದುಕೊಂಡೇ ಬೆಳೆದವರು ನಾವು, ಮದುವೆಯಾದ ಮೇಲೂ ಅದೇ ಉಳಿಯಿತು. ಈ ಕಾಲದಲ್ಲಿ ನಮ್ಮ ಕಡೆ ಸೊಪ್ಪು ತರುವವರೆಲ್ಲ ಮೊಪೆಡ್ಡು ಇಟ್ಟುಕೊಂಡಿದ್ದಾರೆ. ನಮ್ಮ ಮನೆಯಲ್ಲೂ ಇತ್ತು. ಒಂದು ಸಲ ಅದರಲ್ಲಿ ತಂದ ಸೊಪ್ಪು ತಿಂದು ಹುಳ ಕಾಯಿಲೆ ಬಿದ್ದವು. ಸೊಪ್ಪಿಗೆ ಪೆಟ್ರೋಲ್ ವಾಸನೆ ಹತ್ತಿದ್ದೇ ಕಾರಣ ಅಂತ ಇವನ ತೀರ್ಮಾನ. ಅವತ್ತಿನಿಂದ ಮೊಪೆಡ್ಡು ಕೊಟ್ಟಿಗೆ ಸೇರಿತು, ಅಟ್ಟದ ಮೇಲಿದ್ದ ಅವರಪ್ಪನ ಕಾಲದ ಸೈಕಲ್ಲು ಕೆಳಗಿಳಿಯಿತು. ಊರಿನ ಹೈಕಳು "ಏನ್ ಮುನಿರಾಜಣ್ಣ, ಹುಳ ಪೆಟ್ರೋಲ್ ಕುಡೀತವಾ?" ಅಂತ ರೇಗಿಸುತ್ತಿದ್ದರು. "ನೀವು ಕುಡ್ಯೋದು ಬಿಡ್ರಲಾ ಮೊದ್ಲು" ಅಂತ ಹೇಳಿ ಇವನು ಪೆಡಲು ತುಳಿದುಕೊಂಡು ಹೋಗುತ್ತಿದ್ದ.

ರೇಷ್ಮೆ ಹುಳಕ್ಕೆ ಸೊಪ್ಪು ತಂಪು ಹೊತ್ತಿನಲ್ಲೇ ಕೊಯ್ಯಬೇಕು, ಬಾಡುವ ಮೊದಲೇ ಹಾಕಬೇಕು. ಬೆಳಗಿನದು ಸಲೀಸು. ಸಂಜೆಯದು ಮಾತ್ರ ಬಿಸಿಲು ಇಳಿದ ಮೇಲೆ ಕೊಯ್ದು, ಹೊರೆ ಕಟ್ಟಿ, ಮನೆ ಸೇರುವಷ್ಟರಲ್ಲಿ ಕಣ್ಣು ಕಟ್ಟುವ ಮಬ್ಬು. ಆ ಹೊತ್ತಿಗೇ ಗಾಡಿಗಳೂ ಓಡುವುದು. ಪಕ್ಕದೂರಿನ ಒಬ್ಬರಿಗೆ ಹಾಗೇ ಮುಸ್ಸಂಜೆಯಲ್ಲಿ ಕಾರು ಹೊಡೆದು ಅವರು ಮತ್ತೆ ಎದ್ದು ಓಡಾಡಲಿಲ್ಲ. ಅದನ್ನು ಕೇಳಿದ ವಾರದಲ್ಲೇ ನಾನು ಕೋಲಾರದ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ಲಿಗೆ ಹಾಕುವ ಕೆಂಪು ಲೈಟು ತಂದೆ. ಹೆಬ್ಬೆಟ್ಟು ಗಾತ್ರದ್ದು, ಮಿಣುಕ್ ಮಿಣುಕ್ ಅಂತ ಮಿನುಗುತ್ತದೆ, ಮೊಬೈಲ್ ಚಾರ್ಜರಿನಲ್ಲೇ ಚಾರ್ಜ್ ಆಗುತ್ತದೆ.

ಮುನಿರಾಜು ಅದನ್ನು ಸೀಟಿನ ಕೆಳಗೆ ಅಚ್ಚುಕಟ್ಟಾಗಿ ಕೂರಿಸಿದ. ಮೊದಲ ಸಂಜೆ ಚೆಂದ ನೋಡೋಣ ಅಂತ ನಾನು ರಸ್ತೆಗೇ ಹೋಗಿ ನಿಂತೆ. ಅವನು ನನ್ನನ್ನು ದಾಟಿ ಮುಂದೆ ಹೋದ. ಹಿಂದಿನಿಂದ ನೋಡುತ್ತೇನೆ, ಸೊಪ್ಪಿನ ಹೊರೆ ಹೋಗುತ್ತಿದೆ! ಸೈಕಲ್ಲೂ ಇಲ್ಲ, ಮನುಷ್ಯನೂ ಇಲ್ಲ, ಲೈಟಂತೂ ಇಲ್ಲವೇ ಇಲ್ಲ. ಕ್ಯಾರಿಯರ್ ಮೇಲೆ ಅಡ್ಡಡ್ಡ ಹೇರಿದ ಹೊರೆ ಎರಡು ಕಡೆಗೂ ಜೋತುಬಿದ್ದು ಅವನ ತಲೆಯೊಂದು ಬಿಟ್ಟು ಎಲ್ಲವನ್ನೂ ನುಂಗಿತ್ತು. ಲೈಟು ಒಳಗೆ ತನ್ನ ಪಾಡಿಗೆ ಉರಿಯುತ್ತಿತ್ತಂತೆ.

"ಯಾರಿಗೋ ಹಾಕಿದ್ದು ಈ ಲೈಟು? ಸೊಪ್ಪಿಗಾ?" ಅಂದೆ.

"ಖಾಲಿ ಹೋಗುವಾಗ ಕಾಣ್ತದೆ ಬಿಡೇ."

"ಖಾಲಿ ಹೋಗೋದು ಬೆಳಕಲ್ಲಿ ಕಣೋ!"

ನೀವು ನಗಬೇಡಿ. ಸೊಪ್ಪು ಹೊರುವ ಸೈಕಲ್ಲಿನವರೆಲ್ಲ ನಮ್ಮ ಕಡೆ ಇದನ್ನೇ ಮಾಡುತ್ತಾರೆ. ಹೊರೆಯ ಹಗ್ಗಕ್ಕೆ ಕಟ್ಟಿ ನೋಡಿದೆವು, ದಾರಿಯಲ್ಲಿ ಬಿದ್ದುಹೋಗಿ ಹುಡುಕಿ ತಂದದ್ದಾಯಿತು. ಹೊರೆಯ ಮೇಲೆ ಕಾಣುವುದು ಅವನ ತಲೆ ಒಂದೇ. ಚಳಿಗಾಲಕ್ಕೆ ಹಾಕುವ ಮಂಕಿಕ್ಯಾಪಿನ ಹಿಂಭಾಗಕ್ಕೆ ಲೈಟು ಸಿಕ್ಕಿಸಿಕೊ ಅಂದೆ. ಅಷ್ಟಕ್ಕೇ ಅವನಿಗೆ ಬಂತು ನೋಡಿ ಸಿಟ್ಟು.

"ತಲೆ ಮೇಲೆ ಲೈಟ್ ಹಾಕ್ಕೊಂಡು ಹೋಗೋಕೆ ನಾನೇನ್ ಆಂಬುಲೆನ್ಸಾ? ಊರೆಲ್ಲ ನಗ್ತದೆ."

"ನಗೋರು ನಿನ್ನ ಎತ್ಕೊಂಡ್ ಬರಲ್ಲ."

ಮಾತಿಗೆ ಮಾತು ಬೆಳೆಯಿತು. ಅವನು ಲೈಟನ್ನು ಕಿತ್ತು ಕಿಟಕಿಯ ಮೇಲಿಟ್ಟ. ನಾನು ಅದನ್ನು ಅಲ್ಲೇ ಚಾರ್ಜಿಗೆ ಹಾಕಿ, ಹಾಕಿಕೊಂಡು ಹೋಗುವವರೆಗೂ ಮಾತಾಡಿಸಬೇಡ ಅಂದುಬಿಟ್ಟೆ. ಮಗಳು ಮುಳಬಾಗಿಲಿನಲ್ಲಿ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಇದ್ದ ಇಬ್ಬರೂ ಮುಖ ಊದಿಸಿಕೊಂಡರೆ ಮನೆ ಹೇಗಿರುತ್ತದೆ ಅಂತ ಗಂಡ ಹೆಂಡತಿ ಇಬ್ಬರೇ ಇರುವವರಿಗೆ ಗೊತ್ತು. ಸೊಪ್ಪು ತಂದು ಹಾಕುವುದು, ಹುಳದ ಮನೆ ಗುಡಿಸುವುದು, ಊಟ, ಎಲ್ಲವೂ ಮಾತಿಲ್ಲದೆ ನಡೆಯುತ್ತಿತ್ತು.

ನಮ್ಮ ಜಗಳಕ್ಕೆ ಪಕ್ಕದ ಮನೆಯ ವೆಂಕಟಮ್ಮನೇ ಸಾಕ್ಷಿ. ರಾಯಲ್ಪಾಡು ಕಡೆಯಿಂದ ಸೊಸೆಯಾಗಿ ಬಂದವಳು, ಬಂದು ನಲವತ್ತು ವರ್ಷವಾದರೂ ಮಾತಿನಲ್ಲಿ ಅರ್ಧ ತೆಲುಗು. ಮಗ ಶೀನ ಆಟೋ ಓಡಿಸುತ್ತಾನೆ. "ಲೈಟು ಗೀಟು ಬೇಡ ಅಮ್ಮಾಯಿ, ಆ ಏರಿ ಮ್ಯಾಲೆ ಮೊದಲೇ ಕೊರಿವಿ ದೆಯ್ಯಂ ಓಡಾಡ್ತದೆ" ಅಂದಳು. ನಾವು ಕೊಳ್ಳಿದೆವ್ವ ಅನ್ನುವುದಕ್ಕೆ ಅವಳ ತವರಿನ ಹೆಸರು ಅದು. ಬೆಂಕಿ ಹಿಡಿದು ಮುಂದೆ ಮುಂದೆ ನಡೆದು ದಾರಿ ತಪ್ಪಿಸುತ್ತದಂತೆ. "ಹೌದಾ? ಅದಕ್ಕೂ ಒಂದು ಲೈಟ್ ತಂದ್ಕೊಡ್ತೀನಿ, ಪಾಪ ಕೈ ಸುಟ್ಕೊಳ್ಳೋದ್ ತಪ್ತದೆ" ಅಂದೆ. ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು.

ಆ ಸಂಜೆ ಬಂದದ್ದು ಅದಾದ ಕೆಲವೇ ದಿನಕ್ಕೆ. ಮದ್ರಾಸಿನ ಕಡೆ ಎಲ್ಲೋ ತೂಫಾನು ಎದ್ದಿತ್ತು. ಅಲ್ಲಿ ತೂಫಾನು ಎದ್ದರೆ ನಮ್ಮ ಜಿಲ್ಲೆಗೆ ಮೋಡ, ಸೋನೆ, ಮೂಳೆ ಕೊರೆಯುವ ಗಾಳಿ. ಹುಳ ನಾಲ್ಕನೇ ಜ್ವರ ಕಳೆದುಕೊಂಡು ಎದ್ದಿದ್ದವು. ಪೊರೆ ಕಳಚುವ ಹೊತ್ತಿಗೆ ಅವು ತಿನ್ನದೆ ಮಲಗುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಕಳೆದರೆ ಮುಗಿಯಿತು, ಎಷ್ಟು ಹಾಕಿದರೂ ಸಾಲದು, ಹಗಲು ರಾತ್ರಿ ತಿನ್ನುವುದೇ ಕೆಲಸ. ನಾನು ಡೈರಿಯಿಂದ ಮನೆಗೆ ಬಂದಾಗ ಹುಳದ ಮನೆಯಲ್ಲಿ ಸದ್ದಿಲ್ಲ. ಬಾಗಿಲು ತೆರೆದು ನೋಡಿದರೆ ತಟ್ಟೆ ತಟ್ಟೆಯಲ್ಲೂ ಬರೀ ಕಡ್ಡಿ, ಅದರ ಮೇಲೆ ಹುಳಗಳೆಲ್ಲ ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿವೆ. ಹಸಿದಾಗ ಹಾಗೆ ಮಾಡುತ್ತವೆ. ಮುನಿರಾಜು ಸಿಟ್ಟಿನಲ್ಲಿದ್ದರೂ ಹುಳ ಹಸಿಯಲು ಬಿಡುವವನಲ್ಲ. ಅಷ್ಟು ಹೊತ್ತಿಗೆ ಬಂದಿರಬೇಕಿತ್ತು.

ಫೋನ್ ಮಾಡಿದೆ. ಅದು ಅಡುಗೆಮನೆಯ ಗೂಡಿನಲ್ಲಿ ಬಡಿದುಕೊಂಡಿತು. ಸೊಪ್ಪು ಕೊಯ್ಯುವಾಗ ಜೇಬಿನಲ್ಲಿ ಫೋನಿದ್ದರೆ ಇವನಿಗೆ ಆಗುವುದಿಲ್ಲ. ಅಷ್ಟರಲ್ಲಿ ಕರೆಂಟೂ ಹೋಯಿತು. ನಾನು ಅಂಗಳಕ್ಕೆ ಬಂದು ನಿಂತೆ. ಕತ್ತಲು ಪೂರ್ತಿ ಆಗಿರಲಿಲ್ಲ, ಆದರೆ ಮೋಡಕ್ಕೆ ಏರಿಯೂ ಕೆರೆಯೂ ಒಂದೇ ಬಣ್ಣವಾಗಿದ್ದವು. ಒಂದು ಗಾಡಿ ಏರಿ ಇಳಿದು ಊರಿನ ಕಡೆ ಹೋದದ್ದನ್ನು ನಾನು ಡೈರಿಯಿಂದ ಬರುವಾಗಲೇ ನೋಡಿದ್ದೆ. ಅದಾದ ಮೇಲೆ ಯಾವುದೂ ಇಲ್ಲ.

ಆಗ ಏರಿಯ ಮೇಲೆ ಕೆಂಪು ಲೈಟು ಕಂಡಿತು. ಮಿಣುಕ್ ಮಿಣುಕ್ ಅಂತ, ಅದೇ ಲೈಟು, ಅದೇ ಮಿನುಗು. ಮನುಷ್ಯನ ತಲೆಯ ಎತ್ತರಕ್ಕೆ ಇತ್ತು. ನಿಧಾನವಾಗಿ ಸಾಗುತ್ತಿತ್ತು.

ನನಗಾದ ಸಂತೋಷ ಏನಂತ ಹೇಳಲಿ! ಹೋದ ಜೀವ ಬಂತು ಅನ್ನುವುದು ಒಂದು, ಗೆದ್ದೆ ಅನ್ನುವುದು ಇನ್ನೊಂದು. ಕೊನೆಗೂ ಮಂಕಿಕ್ಯಾಪಿಗೆ ಸಿಕ್ಕಿಸಿಕೊಂಡನಲ್ಲ, ನಾನಿಲ್ಲದ ಹೊತ್ತು ನೋಡಿ ಕದ್ದು ತೆಗೆದುಕೊಂಡು ಹೋಗಿದ್ದಾನಲ್ಲ ಕಳ್ಳ, ಅಂತ ಒಬ್ಬಳೇ ನಕ್ಕೆ. ಬಂದ ಕೂಡಲೇ 'ಬನ್ನಿ ಆಂಬುಲೆನ್ಸಿನೋರೆ' ಅನ್ನಬೇಕು ಅಂತ ಮಾತನ್ನೂ ಜೋಡಿಸಿಟ್ಟುಕೊಂಡೆ.

ಲೈಟು ಏರಿಯ ನಡುವಿಗೆ ಬಂದು ನಿಂತಿತು. ತೂಬಿನ ಹತ್ತಿರ. ಕೆಡಲಿಲ್ಲ, ಅಲುಗಲಿಲ್ಲ, ನಿಂತಲ್ಲೇ ಮಿನುಗುತ್ತಿತ್ತು. ಸೈಕಲ್ ಚೈನು ಕಳಚಿರಬೇಕು ಅಂದುಕೊಂಡೆ. ಆ ಸೈಕಲ್ಲಿಗೆ ಅದು ದಿನದ ಕಾಯಿಲೆ. ಸ್ವಲ್ಪ ಹೊತ್ತು ಕಾದೆ. ಅಷ್ಟು ಹೊತ್ತು ಚೈನು ಹಾಕುವುದಕ್ಕೆ ಬೇಕಾಗುವುದಿಲ್ಲ. ಹೊರೆ ಜಾರಿದೆಯೇನೋ, ಒಬ್ಬನೇ ಎತ್ತಲಾರ ಅಂತ ಟಾರ್ಚ್ ತೆಗೆದುಕೊಂಡು ಹೊರಟೆ.

ನಡೆಯುವಷ್ಟೂ ಹೊತ್ತು ನನ್ನ ಕಣ್ಣು ಅದರ ಮೇಲೇ ಇತ್ತು. ಅದು ಅಲ್ಲೇ ಇತ್ತು. ಹತ್ತಿರವಾದ ಹಾಗೆ "ಲೇ, ಏನಾಯ್ತೋ?" ಅಂತ ಕೂಗಿದೆ. ಉತ್ತರವಿಲ್ಲ. ಇನ್ನೂ ಸಿಟ್ಟಿನಲ್ಲೇ ಇದ್ದಾನೆ ಅಂದುಕೊಂಡು ಟಾರ್ಚ್ ಎತ್ತಿ ಬಿಟ್ಟೆ. ಬೆಳಕು ಬಿದ್ದ ಕಡೆ ಯಾರೂ ಇರಲಿಲ್ಲ. ಕೆಂಪು ಲೈಟೂ ಇರಲಿಲ್ಲ. ಒದ್ದೆ ಟಾರು, ಅದರ ಮೇಲೆ ಚೆಲ್ಲಿದ ನಾಲ್ಕು ಹಿಪ್ಪುನೇರಳೆ ಎಲೆ, ಅಷ್ಟೇ.

ಎಲೆ ನೋಡಿದವಳೇ ಏರಿಯ ಅಂಚಿಗೆ ಹೋಗಿ ಕೆರೆಯ ಕಡೆಗೆ ಟಾರ್ಚ್ ಬಿಟ್ಟೆ. ಕೆಳಗೆ, ಕಲ್ಲುಕಟ್ಟಡ ನೀರಿಗೆ ಸೇರುವ ಕಡೆ, ಸೊಪ್ಪಿನ ಹೊರೆ ಕವುಚಿ ಬಿದ್ದಿತ್ತು. ಅದರ ಪಕ್ಕದಲ್ಲಿ ಸೈಕಲ್ಲಿನ ಚಕ್ರ. ಹೊರೆಯ ಕೆಳಗಿನಿಂದ ಒಂದು ತಲೆ, ನೀರಿನಿಂದ ಗೇಣು ಮೇಲೆ, ಕತ್ತು ಎತ್ತಿ ಹಿಡಿದುಕೊಂಡಿದ್ದ ತಲೆ.

ಹೇಗೆ ಇಳಿದೆನೋ ಗೊತ್ತಿಲ್ಲ. ಹಸಿ ಸೊಪ್ಪಿನ ಹೊರೆ ಮೊದಲೇ ಭಾರ, ನೀರು ಕುಡಿದು ಕಲ್ಲಾಗಿತ್ತು. ಅದು ಅವನ ಎದೆಯ ಮೇಲೆ ಕೂತಿತ್ತು. ಉಸಿರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಹಗ್ಗ ಬಿಚ್ಚಲು ಹೋದೆ, ಬರಲಿಲ್ಲ. ಸೊಂಟದಲ್ಲಿದ್ದ ಅವನ ಕುಡುಗೋಲಿನಿಂದಲೇ ಕೊಯ್ದು ಸೊಪ್ಪನ್ನು ಹಿಡಿ ಹಿಡಿಯಾಗಿ ಕೆರೆಗೆ ಎಸೆದೆ. ಒಂದು ಕೈಯಲ್ಲಿ ಅವನ ತಲೆ ಎತ್ತಿ ಹಿಡಿದುಕೊಂಡು, ಎದೆ ಬಿರಿಯುವ ಹಾಗೆ "ವೆಂಕಟಮ್ಮಾ! ಶೀನಾ!" ಅಂತ ಕೂಗಿದೆ. ಅವರು ಓಡಿ ಬಂದರು. ಆಟೋ ಬಂತು. ಕೋಲಾರದ ಆಸ್ಪತ್ರೆ ಸೇರುವವರೆಗೂ ನಾನು ಅವನ ಮುಖ ಒರೆಸುತ್ತಾ "ಏನಾದ್ರೂ ಮಾತಾಡೋ, ಬೈಯೋ ನನ್ನ" ಅಂತ ಒಂದೇ ಸಮ ಹೇಳುತ್ತಿದ್ದೆನಂತೆ. ಶೀನ ಆಮೇಲೆ ಹೇಳಿದ್ದು.

ತೊಡೆಯ ಮೂಳೆ ಮುರಿದಿತ್ತು, ಪಕ್ಕೆಲುಬು ಬಿರುಕು ಬಿಟ್ಟಿತ್ತು. ಹಿಂದಿನಿಂದ ಬಂದ ಗಾಡಿಯ ಪಕ್ಕೆ ಹೊರೆಗೆ ತಗುಲಿ ಸೈಕಲ್ಲು ಸಮೇತ ಕೆಳಗೆ ಎಸೆದಿದೆ. ಯಾವ ಗಾಡಿ ಅಂತ ಇವತ್ತಿಗೂ ಗೊತ್ತಿಲ್ಲ. ಆ ಡ್ರೈವರಿಗೂ ಗೊತ್ತಿರಲಿಕ್ಕಿಲ್ಲ, ಗಿಡಕ್ಕೆ ಸವರಿತು ಅಂದುಕೊಂಡು ಹೋಗಿರುತ್ತಾನೆ. ಅವನನ್ನು ನಾನು ಬಹಳ ದಿನ ಬೈದೆ, ಈಗ ಬೈಯುವುದಿಲ್ಲ.

ಆ ರಾತ್ರಿ ಆಸ್ಪತ್ರೆಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದಾಗ, ಅವನು ಬದುಕುತ್ತಾನೆ ಅಂತ ಡಾಕ್ಟರು ಹೇಳಿದ ಮೇಲೆ, ನನಗೆ ಒಂದು ವಿಷಯ ಹೊಳೆಯಿತು. ಸೈಕಲ್ಲಿನ ಹಿಂದಿನ ಲೈಟು ಹಿಂದಿನವರಿಗೆ ಕಾಣುವುದು. ಅವನು ಕ್ಯಾಪಿನ ಹಿಂಭಾಗಕ್ಕೆ ಸಿಕ್ಕಿಸಿಕೊಂಡು ಮನೆಯ ಕಡೆ ಬರುತ್ತಿದ್ದರೆ ಅದು ಅಂಗಳದಲ್ಲಿ ನಿಂತ ನನಗೆ ಕಾಣಲೇಬಾರದು. ನನಗೆ ಕಂಡಿದೆ ಅಂದರೆ ಅದು ಬರುತ್ತಿರಲಿಲ್ಲ. ನನ್ನ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು. ಮಬ್ಬಿನಲ್ಲಿ ಒಂಟಿ ಲೈಟು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದು ಕಷ್ಟ. ಬರಲಿ ಅಂತ ಕಾಯುತ್ತಿದ್ದವಳು ನಾನು, ಬರುತ್ತಿದೆ ಅಂದುಕೊಂಡೆ.

ಮಾರನೆಯ ದಿನ ಬಟ್ಟೆ ತರಲು ಮನೆಗೆ ಬಂದೆ. ಹುಳದ ಮನೆಯಿಂದ ಸೋನೆ ಮಳೆಯ ಹಾಗೆ ಸದ್ದು ಬರುತ್ತಿತ್ತು, ಹುಳ ತಿನ್ನುವ ಸದ್ದು. ನೀರಿಗೆ ಬಿದ್ದ ಸೊಪ್ಪು ಹುಳಕ್ಕೆ ಆಗುವುದಿಲ್ಲ. ಬೀದಿಯ ನಾಲ್ಕು ಮನೆಯವರು ತಮ್ಮ ತಮ್ಮ ತೋಟದಿಂದ ಒಂದೊಂದು ಹೊರೆ ತಂದು, ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ಹಾಕಿದ್ದರು. ನಮ್ಮ ಕಡೆ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ನಾನು ಬಾಗಿಲಲ್ಲಿ ನಿಂತು ಅತ್ತೆ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಆಮೇಲೆ ಒಳಗೆ ಹೋದೆ. ಕೆಂಪು ಲೈಟು ಕಿಟಕಿಯ ಮೇಲೆ, ನಾನು ಇಟ್ಟ ಜಾಗದಲ್ಲೇ, ಚಾರ್ಜರಿನ ವೈರು ಸಿಕ್ಕಿಸಿಕೊಂಡೇ ಇತ್ತು.

ನನ್ನ ಸ್ವಭಾವ ನಿಮಗೆ ಈಗ ಗೊತ್ತಾಗಿರಬೇಕು. ಸುಮ್ಮನೆ ಬಿಡಲಿಲ್ಲ. ಅವನು ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟೋ ಸಂಜೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತು ಏರಿ ನೋಡಿದೆ. ಮೊಬೈಲ್ ಟವರಿನ ಕೆಂಪು ದೀಪವಿದೆ, ಅದು ಬೇರೆ ದಿಕ್ಕು, ಮೇಲೆ ಆಕಾಶದಲ್ಲಿ. ಗಾಡಿಗಳ ಹಿಂದಿನ ಲೈಟು ಜೋಡಿ ಜೋಡಿ, ಅವು ಏರಿಯ ಮೇಲೆ ನಿಲ್ಲುವುದಿಲ್ಲ. ಬೈಕಿನದು ಮಿನುಗುವುದಿಲ್ಲ. ಅವತ್ತು ಆ ಹೊತ್ತಿಗೆ ಏರಿಯ ಮೇಲೆ ಹೋದವರು ಯಾರಾದರೂ ಇದ್ದಾರಾ ಅಂತ ಹಾಲು ಹಾಕಲು ಬಂದವರನ್ನೆಲ್ಲ ಕೇಳಿದೆ. ಮಳೆಯಲ್ಲಿ ಯಾರು ಹೋಗ್ತಾರಕ್ಕ ಅಂದರು. ಮುನಿರಾಜನನ್ನು ಕೇಳಿದೆ, ಲೈಟು ತಗೊಂಡು ಹೋಗಿದ್ಯಾ ಅಂತ. "ನಿನ್ ಲೈಟ್ ನಾನ್ಯಾಕೆ ಮುಟ್ಲಿ" ಅಂದ. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಗಾಯದ ಮನುಷ್ಯ, ಮತ್ತೆ ಕೇಳಲಿಲ್ಲ.

ವೆಂಕಟಮ್ಮನ ಹತ್ತಿರ ನಾನು ಈ ಮಾತು ಎತ್ತಿರಲೇ ಇಲ್ಲ. ಎತ್ತಿದರೆ ಕೊರಿವಿ ದೆಯ್ಯಕ್ಕೆ ಪೂಜೆ ಮಾಡಿಸು ಅನ್ನುತ್ತಾಳೆ ಅಂತ ಗೊತ್ತು. ಅವಳೇ ಒಂದು ದಿನ ಕೋಳಿ ಮುಚ್ಚುತ್ತಾ ಹೇಳಿದಳು, "ಅವತ್ತು ನಿಮ್ಮ ಆಯಪ್ಪ ಎರಡನೇ ಸಲ ಹೋಗ್ದೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲಮ್ಮಾ."

"ಎರಡನೇ ಸಲ ಎಲ್ಲಿಗೆ ಹೋದ?"

"ಕರೆಂಟು ಹೋಯ್ತಲ್ಲ, ಆಗ ನಾನು ಕೋಳಿ ಮುಚ್ತಿದ್ದೆ. ನಿಮ್ಮ ಬಾಗಿಲಿಂದ ಆ ಕೆಂಪು ಲೈಟು ಏರಿ ಕಡೆ ಹೋಯ್ತು. ಸೊಪ್ಪು ಸಾಲ್ಲಿಲ್ಲ ಏಮೋ, ಮಳ್ಳಿ ಹೊರಟ ಅಂದ್ಕೊಂಡೆ."

ಮಳ್ಳಿ ಅಂದರೆ ಮತ್ತೆ. ಅವನು ಆ ಸಂಜೆ ಮನೆಗೆ ಬಂದೇ ಇರಲಿಲ್ಲ, ಕರೆಂಟು ಹೋಗುವ ಹೊತ್ತಿಗೆ ನೀರಿನಲ್ಲಿ ಬಿದ್ದಿದ್ದ. ನಾನು ಹೇಳಿದೆ. ವೆಂಕಟಮ್ಮ ಕೋಳಿ ಬುಟ್ಟಿ ಹಿಡಿದುಕೊಂಡೇ ನಿಂತಳು. ಕೆನ್ನೆ ಬಡಿದುಕೊಳ್ಳಲಿಲ್ಲ, ದೆಯ್ಯ ಅನ್ನಲಿಲ್ಲ. "ನಂಗ್ಯಾಕ್ ಹೇಳ್ದೆ ಇದನ್ನ" ಅಂತ ಮಾತ್ರ ಅಂದು ಒಳಗೆ ಹೋದಳು. ಕಥೆ ಕಟ್ಟುವ ಹೆಂಗಸಾದರೂ ಇದೊಂದನ್ನು ಅವಳು ಊರಿನಲ್ಲಿ ಯಾರಿಗೂ ಹೇಳಿಲ್ಲ. ನನಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

ವರ್ಷಗಳು ಕಳೆದವು. ಮುನಿರಾಜು ಈಗ ಸ್ವಲ್ಪ ಕುಂಟುತ್ತಾನೆ, ಆದರೂ ಸೈಕಲ್ಲೇ. ಲೈಟನ್ನು ಮಂಕಿಕ್ಯಾಪಿಗೆ ತಾನೇ ಸಿಕ್ಕಿಸಿಕೊಳ್ಳುತ್ತಾನೆ, ನಗುವವರು ನಗುತ್ತಾರೆ. ಹೈಕಳಲ್ಲಿ ಇಬ್ಬರು ಮೂವರು ಅದನ್ನೇ ನೋಡಿ ತಾವೂ ಟೋಪಿಗೆ ಹಾಕಿಕೊಂಡಿದ್ದಾರೆ. ಅದಕ್ಕಾದರೂ ನನಗೆ ಒಂದು ಸಮಾಧಾನ. ನಾನು ಆ ಸಂಜೆಯ ವಿಚಾರವನ್ನು ಮನಸ್ಸಿನ ಮೂಲೆಗೆ ತಳ್ಳಿಬಿಟ್ಟಿದ್ದೆ. ತಿಳಿಯದ್ದು ತಿಳಿಯದು, ಗಂಡ ಉಳಿದನಲ್ಲ, ಸಾಕು ಅಂತ.

ಈ ಬೆಳೆಯ ಹುಳಕ್ಕೆ ಸೊಪ್ಪು ಹಾಕುತ್ತಾ ಕೂತಿದ್ದೆವು, ಇತ್ತೀಚಿನ ಮಾತು. ಹುಳದ ಮನೆಯಲ್ಲಿ ಮಂಕು ಬೆಳಕೇ ಇರಬೇಕು, ಅದರಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಇರಬೇಕು ಅವನು ಆ ಮಾತು ತೆಗೆದದ್ದು.

"ಒಂದು ಕೇಳ್ತೀನಿ, ಸಿಟ್ ಮಾಡ್ಕೋಬೇಡ. ಅವತ್ತು ನೀನ್ ಯಾಕೆ ಕೆಳಗಿಳಿದು ಬರ್ಲಿಲ್ಲ?"

"ಯಾವತ್ತು?"

"ನಾನ್ ಕೆರೇಲಿ ಬಿದ್ದಿದ್ನಲ್ಲ. ನೀನು ಮೇಲೆ ನಿಂತಿದ್ದೆ, ಆ ಕೆಂಪು ಲೈಟ್ ಹಿಡ್ಕೊಂಡು. ನಾನ್ ಕರೀತಿದ್ದೆ, ಬಾಯಿಂದ ಬರ್ತಿರ್ಲಿಲ್ಲ. ನೀನ್ ನನ್ನೇ ನೋಡ್ತಾ ನಿಂತಿದ್ದೆ, ಸುಮಾರ್ ಹೊತ್ತು. ಆಮೇಲೆ ಟಾರ್ಚ್ ಹಿಡ್ಕೊಂಡ್ ಇಳಿದ್ಬಂದೆ."

ನನ್ನ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಕೈಯಲ್ಲೇ ಉಳಿಯಿತು. "ನಾನ್ ಅಂಗಳದಲ್ಲಿದ್ದೆ ಕಣೋ" ಅಂದೆ. "ಅಂಗಳದಿಂದ ಆ ಲೈಟ್ ನೋಡ್ಕೊಂಡೇ ಬಂದಿದ್ದು ನಾನು. ಏರಿ ಮೇಲೆ ನಿಂತಿದ್ದು ನಾನಲ್ಲ."

"ಮುಖ ನೋಡಿದೀನಲ್ಲೇ. ಲೈಟ್ ಮಿನುಗ್ದಾಗೆಲ್ಲ ನಿನ್ ಮುಖ ಕಾಣ್ತಿತ್ತು." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. "ಮಾತು ಬಿಟ್ಟಿದ್ಯಲ್ಲ ಆಗ. ಕೋಪಕ್ಕೆ ನಿಂತವ್ಳೆ ಅಂದ್ಕೊಂಡೆ. ಇಳೀಲಿಲ್ಲ ಅಂದ್ರೂ ಸರಿ, ಹೋಗ್ದೆ ಅಲ್ಲೇ ನಿಂತಿರ್ಲಿ ಅಂತ ಕತ್ತು ಎತ್ತಿ ಹಿಡ್ಕೊಂಡಿದ್ದೆ. ಲೈಟ್ ಕಾಣೋವರ್ಗೂ ಹಿಡ್ಕೊಂಡಿರ್ತೀನಿ ಅಂತ. ಇಲ್ದಿದ್ರೆ ಯಾವಾಗ್ಲೋ ಬಿಟ್ಬಿಡ್ತಿದ್ದೆ."

ಇಷ್ಟು ವರ್ಷ! ತಾನು ನೀರಿನಲ್ಲಿ ಸಾಯುತ್ತಿದ್ದಾಗ ಹೆಂಡತಿ ಮೇಲೆ ನಿಂತು ನೋಡಿದಳು ಅಂತ ತಿಳಿದುಕೊಂಡೇ ಈ ಮನುಷ್ಯ ನನ್ನ ಕೈಯಿಂದ ಊಟ ಮಾಡಿದ್ದಾನೆ, ನನ್ನ ಹೆಗಲು ಹಿಡಿದು ನಡೆಯುವುದನ್ನು ಮತ್ತೆ ಕಲಿತಿದ್ದಾನೆ, ಮಗಳ ಮುಂದೆ ನನ್ನನ್ನು ಹೊಗಳಿದ್ದಾನೆ. ಒಂದು ದಿನ ಬಾಯಿ ಬಿಟ್ಟಿಲ್ಲ. ನನಗೆ ದುಃಖ ಉಕ್ಕಿ ಬಂತು. ಮಗಳ ಮೇಲೆ ಆಣೆ ಇಟ್ಟೆ, ಅಮ್ಮನ ಮೇಲೆ ಆಣೆ ಇಟ್ಟೆ, ನಾನಲ್ಲ ಕಣೋ, ನಾನಾಗಿದ್ದರೆ ಹಾಗೆ ನಿಲ್ಲುತ್ತಿದ್ದೆನಾ ಅಂತ ಅತ್ತೆ. ಅಂಗಳದಲ್ಲಿ ನಾನು ನಿಂತಿದ್ದನ್ನು ಕಂಡವರು ಯಾರೂ ಇಲ್ಲ. ಆಣೆ ಬಿಟ್ಟು ನನ್ನ ಹತ್ತಿರ ಬೇರೆ ಏನಿತ್ತು?

ಅವನು ಹತ್ತಿರ ಸರಿದು, ಸೊಪ್ಪಿನ ಹಸಿರು ಮೆತ್ತಿದ ಕೈಯಿಂದಲೇ ನನ್ನ ಕಣ್ಣು ಒರೆಸಿದ.

"ಹುಚ್ಚಿ, ನೀನಲ್ದೆ ನಂಗೆ ಇನ್ಯಾರ್ ಬರ್ತಾರೆ?" ಅಂದ.